ಕೊನೆಯ ಕಂತು ಕೈಕೊಟ್ಟ ಮರುದಿನ, ಹರಿಹರಕ್ಕೆ

"ಇದೇನಣ್ಣ, ಮದುವೆ ಆಲ್ಬಮ್ಮಾ?"

2021ರ ಮಾರ್ಚ್ ಕೊನೆಯ ಶುಕ್ರವಾರ ರಾತ್ರಿ, ದಾವಣಗೆರೆ ನಿಟುವಳ್ಳಿಯ ನಮ್ಮ ಮನೆಯ ಹಾಲ್‌ನಲ್ಲಿ ತಂಗಿ ಹೀಗೆ ಕೂಗಿದಳು. ಸ್ಟೂಲಿನ ಮೇಲೆ ನನ್ನ ಆಫೀಸ್ ಲ್ಯಾಪ್‌ಟಾಪ್. ಪರದೆಯಲ್ಲಿ ಒಂದಾದ ಮೇಲೆ ಒಂದು ನಿಂತ ಚಿತ್ರ ಬರ್ತಿತ್ತು, ಹಿಂದೆ ಮ್ಯೂಸಿಕ್. ಮಾತಿಲ್ಲ, ಕತೆಯಿಲ್ಲ. ಮದುವೆ ವಿಡಿಯೋದವರು ಕೊನೆಗೆ ಫೋಟೋ ಜೋಡಿಸಿ ಹಾಡು ಹಾಕಿ ಕೊಡ್ತಾರಲ್ಲ, ಥೇಟ್ ಹಂಗೆ. ಮೂರು ತಿಂಗಳು ವಾರವಾರ ಕಾದು ನೋಡಿದ 'ದಿ ಪ್ರಾಮಿಸ್ಡ್ ನೆವರ್‌ಲ್ಯಾಂಡ್' ಎರಡನೇ ಸೀಸನ್ ಹೀಗೆ ಮುಗಿಯಿತು.

ನೋಡದವರಿಗೆ ಕತೆ ಹೇಳಿಬಿಡ್ತೀನಿ. ಮುಂದೆ ನೋಡುವ ಆಸೆ ಇರುವವರು ಎರಡು ಪ್ಯಾರಾ ಹಾರಿಸಿ. ಗ್ರೇಸ್ ಫೀಲ್ಡ್ ಎಂಬ ಅನಾಥಾಶ್ರಮ. ಒಳ್ಳೆ ಊಟ, ಬಿಳಿ ಬಟ್ಟೆ, ಎಲ್ಲರೂ 'ಮಾಮ' ಅಂತ ಕರೆಯುವ ತಾಯಿಯಂಥ ಹೆಂಗಸು. ಹನ್ನೆರಡು ತುಂಬುವುದರೊಳಗೆ ಮಕ್ಕಳನ್ನು ಒಬ್ಬೊಬ್ಬರನ್ನಾಗಿ 'ದತ್ತು' ಕಳಿಸುತ್ತಾರೆ. ಎಮ್ಮಾ, ನಾರ್ಮನ್ ಎಂಬ ಇಬ್ಬರಿಗೆ ಒಂದು ರಾತ್ರಿ ಗೊತ್ತಾಗುತ್ತೆ, ದತ್ತು ಅನ್ನೋದು ಸುಳ್ಳು, ತಮ್ಮನ್ನು ಸಾಕುತ್ತಿರುವುದು ದೈತ್ಯರ ಊಟಕ್ಕೆ ಅಂತ. ಮೊದಲ ಸೀಸನ್ ಪೂರ್ತಿ ತಪ್ಪಿಸಿಕೊಳ್ಳುವ ಹಂಚಿಕೆ. ಕೊನೆಗೆ ಹದಿನೈದು ಮಕ್ಕಳು ಗೋಡೆ ದಾಟುತ್ತಾರೆ. ತೀರಾ ಸಣ್ಣವರನ್ನು ಕರೆದೊಯ್ಯಲು ಆಗುವುದಿಲ್ಲ. ಅವರ ಜೊತೆ ಉಳಿಯುವವನು ಫಿಲ್, ನಾಲ್ಕು ವರ್ಷದ ಹುಡುಗ. ಅವನಿಗೆ ಎಲ್ಲಾ ಗೊತ್ತು. ಗೊತ್ತಿದ್ದೂ ಕಾಯ್ತೀನಿ ಅನ್ನುತ್ತಾನೆ. ಬಂದೇ ಬರ್ತೀನಿ ಅಂತ ಎಮ್ಮಾ ಮಾತು ಕೊಡುತ್ತಾಳೆ.

2019ರಲ್ಲಿ ಬಂದ ಆ ಹನ್ನೆರಡು ಕಂತುಗಳಲ್ಲಿ ಒಂದು ನಿಮಿಷವೂ ದಂಡ ಅನ್ನಿಸಿರಲಿಲ್ಲ. ಎರಡನೇ ಸೀಸನ್ 2020ರ ಅಕ್ಟೋಬರಿಗೆ ಬರಬೇಕಿತ್ತು, ಕೊರೊನಾದಿಂದ ಮುಂದಕ್ಕೆ ಹೋಗಿ 2021ರ ಜನವರಿಗೆ ಬಂತು. ಮೂಲ ಮಾಂಗಾದಲ್ಲಿ ಒಟ್ಟು 181 ಅಧ್ಯಾಯ, 20 ಸಂಪುಟ. ಕತೆ ಕೈಯು ಶಿರಾಯಿ, ಚಿತ್ರ ಪೊಸುಕಾ ದೆಮಿಜು. ಮೊದಲ ಸೀಸನ್ ಹನ್ನೆರಡು ಕಂತಿನಲ್ಲಿ ನಿಧಾನವಾಗಿ 37 ಅಧ್ಯಾಯ ಹೇಳಿತ್ತು. ಉಳಿದ 144ನ್ನು ಎರಡನೇ ಸೀಸನ್ ಹನ್ನೊಂದು ಕಂತಿನಲ್ಲಿ ಮುಗಿಸಿತು. ಅಷ್ಟರಲ್ಲೂ ನಡುವೆ ಒಂದು ವಾರ ಹಿಂದಿನ ಕತೆಯ ರೀಕ್ಯಾಪ್ ಹಾಕಿದರು! ನೆಲಮಾಳಿಗೆಯ ಅಡಗುತಾಣದಲ್ಲಿ ಒಬ್ಬನೇ ಬದುಕಿ ಹುಚ್ಚು ಹಿಡಿಯುವ ಹಂತಕ್ಕೆ ಬಂದಿದ್ದ ಯೂಗೋ ಎಂಬ ಮನುಷ್ಯ ಅನಿಮೆಯಲ್ಲಿ ಇಲ್ಲವೇ ಇಲ್ಲ. ಮಕ್ಕಳನ್ನು ಬಿಟ್ಟು ಬೇಟೆಯಾಡುವ ಗೋಲ್ಡಿ ಪಾಂಡ್ ಇಲ್ಲ. ಕೊನೆಯ ಕಂತಿನಲ್ಲಿ ಫಿಲ್ ಮತ್ತು ಉಳಿದವರನ್ನು ಬಿಡಿಸುತ್ತಾರೆ, ಮನುಷ್ಯರ ಲೋಕದ ಬಾಗಿಲು ತೆರೆಯುತ್ತೆ, ಎಮ್ಮಾ ಮತ್ತು ಕೆಲವರು ನಾವು ಇಲ್ಲೇ ಉಳಿದು ದೈತ್ಯರ ಲೋಕ ಸರಿ ಮಾಡಿ ಬರ್ತೀವಿ ಅನ್ನುತ್ತಾರೆ. ಆಮೇಲೆ ತಂಗಿ ಹೇಳಿದ ಮದುವೆ ಆಲ್ಬಮ್. ಹತ್ತಾರು ಚಿತ್ರಗಳಲ್ಲಿ ಒಂದು ಲೋಕವೇ ಬದಲಾಯಿತು. ಮುಂದಿನ ದೃಶ್ಯದಲ್ಲಿ ಎಮ್ಮಾ ನಗುತ್ತಾ ವಾಪಸ್.

ನಾನು ಮಾಂಗಾ ಓದಿದ್ದೆ, ತಂಗಿ ಓದಿರಲಿಲ್ಲ. ಅದಕ್ಕೇ ನನಗೆ ಜಾಸ್ತಿ ಉರಿಯಿತು. ಮಾಂಗಾದಲ್ಲಿ ಎಲ್ಲರೂ ಪಾರಾಗಲು ಎಮ್ಮಾ ಒಂದು ಬೆಲೆ ಕೊಡುತ್ತಾಳೆ: ತನ್ನವರ ನೆನಪು ಪೂರ್ತಿ ಅಳಿಸಿಹೋಗುತ್ತೆ. ಅವಳಿಗಾಗಿ ಉಳಿದವರು ವರ್ಷಗಟ್ಟಲೆ ಹುಡುಕಿ ಎದುರು ನಿಂತರೆ, ನೀವು ಯಾರು ಅಂತ ಕೇಳುತ್ತಾಳೆ. ಅನಿಮೆಯಲ್ಲಿ ಆ ಬೆಲೆಯೇ ಇಲ್ಲ. ಬಿಲ್ ಬರುವ ಮುಂಚೆ ಹೋಟೆಲಿನಿಂದ ಎದ್ದು ಬಂದ ಹಾಗೆ.

ಸಾಫ್ಟ್‌ವೇರ್‌ನವನಾಗಿ ಇದನ್ನು ನೋಡಿ ಪೂರ್ತಿ ಬೈಯಲೂ ಆಗಲಿಲ್ಲ ಅನ್ನಿ. ರಿಲೀಸ್ ಡೇಟ್ ಅಲುಗಾಡುವುದಿಲ್ಲ ಅಂದಾಗ ನಾವು ಮಾಡೋದೇನು? ಸ್ಕೋಪ್ ಕತ್ತರಿಸ್ತೀವಿ. ಕತ್ತರಿಸಿದ್ದನ್ನು 'ಫೇಸ್ ಟು' ಅಂತ ಕರೆದು, ಡೆಮೊದಲ್ಲಿ ಒಂದು ಪಿಪಿಟಿ ತೋರಿಸಿ, ಎಲ್ಲ ಆಗಿದೆ ಅನ್ನೋ ಮುಖ ಮಾಡ್ತೀವಿ. ಆ ಶುಕ್ರವಾರ ಮಧ್ಯಾಹ್ನ ನಾನೇ ಅಂಥದ್ದೊಂದು ಡೆಮೊ ಕೊಟ್ಟು ಬಂದಿದ್ದೆ.

"ಒಂಬತ್ತೂವರೆ ಆಯ್ತು, ಊಟಕ್ಕೆ ಏಳ್ರಿ" ಅಂತ ಅಮ್ಮ. ಹಿಂದೆ ಕುರ್ಚಿಯಲ್ಲಿ ರೊಟ್ಟಿ ತಟ್ಟೆ ಹಿಡಿದಿದ್ದ ಅಪ್ಪಾಜಿ ಎದ್ದು ಕೈ ತೊಳೆಯಲು ಹೋದರು. ಅವರು ಪ್ರತಿ ಶುಕ್ರವಾರ ಅಲ್ಲಿ ಕೂತು ಉಣ್ಣುತ್ತಿದ್ದರು. ಬೇರೆ ಕುರ್ಚಿ ಇರಲಿಲ್ಲ, ಅಷ್ಟೇ ಕಾರಣ ಅಂದುಕೊಂಡಿದ್ದೆ.

ಮರುದಿನ ಬೆಳಿಗ್ಗೆ ಅಪ್ಪಾಜಿ, "ಹರಿಹರಕ್ಕೆ ಹೋಗಾನ ಬಾ, ಪಕ್ಕದ ಮನೆ ಮೋಟರಿಂದು ಒಂದು ಬುಶ್ ಕಡೆಸಬೇಕು" ಅಂದರು. ತಂಗಿಗೆ ಆನ್‌ಲೈನ್ ಇಂಟರ್ನಲ್ಸ್ ಇತ್ತು. ನಾವಿಬ್ಬರೇ ಸ್ಕೂಟರ್ ಹತ್ತಿದೆವು, ಮಾಸ್ಕ್ ಹಾಕಿಕೊಂಡು. ಸೋಮವಾರ ಹೋಳಿ. ಓಣಿಯ ಹುಡುಗರು ಕಾಮಣ್ಣನಿಗೆ ಕಟ್ಟಿಗೆ ಎಲ್ಲಿ ಸಿಗುತ್ತೆ ಅಂತ ಮನೆಮನೆ ಕಾಂಪೌಂಡ್ ಇಣುಕುತ್ತಿದ್ದರು.

ದಾವಣಗೆರೆಯಿಂದ ಹರಿಹರ ಹದಿನಾಲ್ಕು ಕಿಲೋಮೀಟರ್. ಹೊರಗಿನವರಿಗೆ ಇವು ಎರಡು ಊರು. ನಮಗೆ ಒಂದೇ ಊರಿನ ಎರಡು ಶಿಫ್ಟ್. ಬೈಪಾಸ್ ಬಿಟ್ಟು ಹಳೇ ಪಿ.ಬಿ. ರಸ್ತೆ ಹಿಡಿದೆವು. ಅಪ್ಪಾಜಿಗೆ ಅದೇ ಬೇಕು, ಇಪ್ಪತ್ತೈದು ವರ್ಷ ಅದೇ ರಸ್ತೆಯಲ್ಲಿ ಬಸ್ಸಿನಲ್ಲಿ ಓಡಾಡಿದವರು. ಊರು ದಾಟುವ ಮೊದಲು ಒಂದು ಹಳೇ ಹತ್ತಿ ಗಿರಣಿಯ ಜಾಗ ಸಿಗುತ್ತೆ. ಈಗ ಸೈಟುಗಳಾಗಿವೆ. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿತ್ತು ಎಂದು ನಾವು ಜನರಲ್ ನಾಲೆಜ್ ಪುಸ್ತಕದಲ್ಲಿ ಓದಿದ್ದು. ನಮ್ಮ ಕಾಲಕ್ಕೆ ಊರಿನ ಹೆಸರು ಬೆಣ್ಣೆ ದೋಸೆಗೆ, ಕಾಲೇಜುಗಳಿಗೆ, ಮೆಕ್ಕೆಜೋಳದ ಮಾರ್ಕೆಟ್ಟಿಗೆ ಬಂದಾಗಿತ್ತು. ಗಿರಣಿಗಳು ಒಂದೊಂದಾಗಿ ಮುಚ್ಚಿದ್ದವು.

ದೊಡ್ಡಬಾತಿ ಬಂದರೆ ಗಾಳಿ ಬದಲಾಗುತ್ತೆ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಭದ್ರಾ ಚಾನೆಲ್ ನೀರಿನ ಗದ್ದೆಗಳು. ಮಾರ್ಚ್ ಬಿಸಿಲಲ್ಲೂ ಕಣ್ಣಿಗೆ ಹಸಿರು. ಅಪ್ಪಾಜಿ ಹಿಂದೆ ಕೂತು ಏನೂ ಮಾತಾಡಲಿಲ್ಲ. ನಾನು ಹೆಲ್ಮೆಟ್ ಒಳಗೇ ಕೊನೆಯ ಕಂತಿನ ಮೇಲೆ ಒಂದು ಉದ್ದನೆಯ ಸಿಟ್ಟಿನ ಸ್ಟೇಟಸ್ ಬರೆಯುತ್ತಿದ್ದೆ.

ಹರಿಹರದ ಹೊಸಬರಿಗೆ ಒಂದು ಮಾತು. ಈ ಊರು ಲೇತ್ ಊರು. 1941ರಲ್ಲಿ ಇಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರಗಳನ್ನು ತಯಾರಿಸುತ್ತಿತ್ತು. ಆ ಕಾರ್ಖಾನೆ ಈಗಿಲ್ಲ. ಆದರೆ ಕಬ್ಬಿಣ ಕಡೆಯುವ ಕೈಗಳು ಊರಲ್ಲಿ ಉಳಿದಿವೆ, ಗಲ್ಲಿಗಳಲ್ಲಿ ಸಣ್ಣ ಸಣ್ಣ ವರ್ಕ್‌ಶಾಪ್. ಅಂಥದ್ದೊಂದರಲ್ಲಿ ಅಪ್ಪಾಜಿ ಟರ್ನರ್ ಆಗಿದ್ದರು. ಈಗ ಅಲ್ಲಿ ಮೆಷಿನ್ ಮುಂದೆ ನಿಂತಿದ್ದವನು ಅವರ ಕೈಕೆಳಗೆ ಕಲಿತ ಹುಡುಗ. ಹುಡುಗ ಅಂದರೆ ನಲವತ್ತು ದಾಟಿದೆ.

"ಏನ್ರಿ ಎಂಜಿನಿಯರ್ ಸಾಹೇಬ್ರೆ, ಮನೆಯಿಂದಲೇ ಕೆಲಸಾನಾ?" ಅಂತ ನನ್ನನ್ನು ಕೇಳಿದ. ಮಾತಿಗೆ ಮಾತು ಬೆಳೆದು ನಾನು ನಮ್ಮ ಮನೆಯ ಕತೆ ಹೇಳಿದೆ. ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ಎಚ್‌ಆರ್ ಎದುರಿಗೂ ಇದನ್ನೇ ಹೇಳಿದ್ದೆ: ಅಪ್ಪ ಗಿರಣಿಯಲ್ಲಿದ್ದರು, ಗಿರಣಿ ಮುಚ್ಚಿತು, ಹರಿಹರದಲ್ಲಿ ಲೇತ್ ಕೆಲಸ ಸಿಕ್ಕಿತು, ನಮ್ಮನ್ನು ಓದಿಸಿದರು, ನಾನು ಎಂಜಿನಿಯರ್ ಆದೆ. ಹದಿನೈದು ಸೆಕೆಂಡು ಸಾಕು.

ಬುಶ್ ನೋಡುತ್ತಿದ್ದ ಅಪ್ಪಾಜಿ ತಲೆಯೆತ್ತದೆ, "ಬಾಳ ಫಾಸ್ಟ್ ಹೇಳ್ತಿಯಪ್ಪ" ಅಂದರು. ಆಮೇಲೆ ಮೆಷಿನ್ ಕಡೆ ತಿರುಗಿ ಶಿಷ್ಯನಿಗೆ, "ರಫ್ ಕಟ್ ಜೋರಾಗಿ ಹೊಡಿ. ಫಿನಿಶಿಂಗಲ್ಲಿ ಫೀಡ್ ಕಮ್ಮಿ ಮಾಡಲೇ, ಗೆರೆ ಬೀಳ್ತಾವು."

ಬುಶ್ ಆಗಲು ಒಂದು ತಾಸು ಬೇಕಿತ್ತು. ದೇವಸ್ಥಾನಕ್ಕೆ ನಡೆದೆವು. ಹರಿಹರೇಶ್ವರ ಗುಡಿಯನ್ನು ಹೊಯ್ಸಳ ದೊರೆ ಎರಡನೇ ನರಸಿಂಹನ ದಂಡನಾಯಕ ಪೊಲಾಳ್ವ 1224ರ ಸುಮಾರಿಗೆ ಕಟ್ಟಿಸಿದ. 1268ರಲ್ಲಿ ಮೂರನೇ ನರಸಿಂಹನ ದಂಡನಾಯಕ ಸೋಮ ಇನ್ನಷ್ಟು ಸೇರಿಸಿದ, ಸೋಮನಾಥಪುರ ಕಟ್ಟಿಸಿದ ಅದೇ ಸೋಮ. ನಡುವೆ ನಲವತ್ತನಾಲ್ಕು ವರ್ಷ. ಆ ಕಾಲದವರಿಗೆ ರಿಲೀಸ್ ಡೇಟ್ ಇರಲಿಲ್ಲ ಅಂತ ಕಾಣುತ್ತೆ. ಒಳಗೆ ಒಂದೇ ಮೂರ್ತಿ, ಬಲಕ್ಕೆ ಹರ, ಎಡಕ್ಕೆ ಹರಿ. ಹರಿಯಿಂದಲೂ ಸಾವಿಲ್ಲ, ಹರನಿಂದಲೂ ಸಾವಿಲ್ಲ ಅಂತ ಬ್ರಹ್ಮನಿಂದ ವರ ಪಡೆದ ಗುಹಾಸುರನನ್ನು ಮುಗಿಸಲು ಇಬ್ಬರೂ ಒಂದಾಗಿ ಬಂದರು ಅನ್ನೋದು ಸ್ಥಳಪುರಾಣ. ಲೂಪ್‌ಹೋಲ್ ಹುಡುಕಿ ಗೆದ್ದ ಫಿನಾಲೆ. ಚಿಕ್ಕವನಿದ್ದಾಗ ಇದು ಮೋಸ ಅನ್ನಿಸುತ್ತಿತ್ತು. ಈಗ ಅನ್ನಿಸುವುದಿಲ್ಲ, ಷರತ್ತು ಮೊದಲೇ ಹೇಳಿದ್ದಾರೆ, ಅದರೊಳಗೇ ಬಿಡಿಸಿದ್ದಾರೆ. ನಿನ್ನೆ ರಾತ್ರಿ ನೋಡಿದ್ದಕ್ಕಿಂತ ಎಷ್ಟೋ ವಾಸಿ.

ನನಗೆ ಈ ಗುಡಿಯಲ್ಲಿ ಇಷ್ಟವಾದದ್ದು ಮಂಟಪದ ಕಂಬಗಳು. ದುಂಡಗೆ, ನುಣ್ಣಗೆ, ಉಂಗುರ ಉಂಗುರವಾಗಿ ತಿರುಗಿಸಿ ಕಡೆದ ಕಲ್ಲು. ಅಪ್ಪಾಜಿ ಒಂದು ಕಂಬದ ಉಂಗುರದ ಮೇಲೆ ಹೆಬ್ಬೆರಳ ಉಗುರು ಎಳೆದು ನೋಡಿದರು, ವರ್ಕ್‌ಶಾಪಿನಲ್ಲಿ ಶಾಫ್ಟ್ ನೋಡುವ ಹಾಗೆ. "ಟರ್ನಿಂಗೇ ಇದು. ಕಲ್ಲು ಇಷ್ಟು ತೂಕ ಐತಿ, ಹೆಂಗೆ ತಿರುಗಿಸಿದ್ರೋ" ಅಂದರು. ಸ್ವಲ್ಪ ಹೊತ್ತು ಕಂಬದ ಸುತ್ತ ಸುಮ್ಮನೆ ಸುತ್ತಿದರು. "ನಂಗೆ ಮೊದಲು ಲೇತ್ ಅಂದ್ರೇನು ಅಂತ ತೋರಿಸಿದ್ದು ಇದೇ ಕಂಬ. ಕೆಲಸ ಕೇಳಾಕೆ ಬಂದ ದಿನ ಹೆದರಿಕೆ ಆಗಿ ಇಲ್ಲಿ ಬಂದು ಕೂತಿದ್ದೆ. ಪೂಜಾರಿ ಹೇಳಿದ್ರು, ಇದು ತಿರುಗಣಿಯಾಗೆ ಕಡೆದಿದ್ದು ಅಂತ."

"ಯಾವಾಗ?"

"ಗಿರಣಿ ಮುಚ್ಚಿ ಒಂದೂಮುಕ್ಕಾಲು ವರ್ಷ ಆಗಿತ್ತು."

ನನ್ನ ಹದಿನೈದು ಸೆಕೆಂಡಿನ ಕತೆಯಲ್ಲಿ ಒಂದೂಮುಕ್ಕಾಲು ವರ್ಷ ಎಲ್ಲೂ ಇರಲಿಲ್ಲ.

ಗುಡಿಯಿಂದ ಹೊಳೆ ಕಡೆ ಇಳಿದೆವು. ಬೇಸಿಗೆಯ ತುಂಗಭದ್ರೆ, ಅರ್ಧ ಮರಳು, ಅರ್ಧ ನೀರು. ಆಚೆ ದಡ ಹಾವೇರಿ ಜಿಲ್ಲೆ. ದಾರಿಯಲ್ಲಿ ಒಂದು ಗಾಡಿ ಕಂಡು ಮಿರ್ಚಿ ಮಂಡಕ್ಕಿ ಕಟ್ಟಿಸಿದೆ. ಪೇಪರ್ ಬಿಚ್ಚಿ ಮುಂದಿಟ್ಟರೆ ಅಪ್ಪಾಜಿ ಮಿರ್ಚಿ ಒಂದು ತೆಗೆದುಕೊಂಡು ಮಂಡಕ್ಕಿ ನನ್ನ ಕಡೆ ತಳ್ಳಿದರು. ಇದು ಹೊಸದಲ್ಲ. ದಾವಣಗೆರೆಯಲ್ಲಿ ಹುಟ್ಟಿ ಮಂಡಕ್ಕಿ ತಿನ್ನದ ಮನುಷ್ಯ ಅಂತ ಮನೆಯಲ್ಲಿ ನಾವೆಲ್ಲ ಅವರನ್ನು ಆಡಿಕೊಳ್ಳುತ್ತಿದ್ದೆವು. ಗ್ಯಾಸ್ ಆಗ್ತದೆ ಅನ್ನುತ್ತಿದ್ದರು.

"ಗ್ಯಾಸಾ?" ಅಂದೆ.

"ಗ್ಯಾಸೂ ಇಲ್ಲ, ಗೀಸೂ ಇಲ್ಲ. ಎಂಟು ತಿಂಗಳು ಮಂಡಕ್ಕಿ ಭಟ್ಟಿಯಾಗೆ ಇದ್ದೆ."

ಹಳೇ ದಾವಣಗೆರೆಯ ಮಂಡಕ್ಕಿ ಭಟ್ಟಿ ನೀವು ನೋಡಿದ್ದರೆ ಗೊತ್ತು. ಕಾದ ಮರಳಿನಲ್ಲಿ ಅಕ್ಕಿ ಹಾಕಿ ಅರಳಿಸುವ ಒಲೆಗಳು, ಹೊಗೆ, ಶೆಕೆ. ಬೇಸಿಗೆಯಲ್ಲಿ ಒಳಗೆ ನಿಲ್ಲಲು ಆಗುವುದಿಲ್ಲ. ಗಿರಣಿ ಗೇಟಿಗೆ ಬೀಗ ಬಿದ್ದಾಗ ಅಪ್ಪಾಜಿಗೆ ಮೂವತ್ತು ಇರಬಹುದು, ಮದುವೆಯಾಗಿ ವರ್ಷ ಆಗಿತ್ತು. ಮೊದಲ ಮೂರು ತಿಂಗಳು ದಿನಾ ಬೆಳಿಗ್ಗೆ ಟಿಫಿನ್ ಡಬ್ಬಿ ಹಿಡಿದು ಗೇಟಿನ ಮುಂದೆ ಹೋಗಿ ನಿಲ್ಲುತ್ತಿದ್ದರಂತೆ. ಇವತ್ತು ತೆಗೀತಾರೆ, ನಾಳೆ ತೆಗೀತಾರೆ. ಸುತ್ತ ನೂರಾರು ಜನ ಹಂಗೇ ಡಬ್ಬಿ ಹಿಡಿದು. ಮಧ್ಯಾಹ್ನ ಅಲ್ಲೇ ಬೇವಿನ ಮರದ ಕೆಳಗೆ ಉಂಡು, ಶಿಫ್ಟ್ ಬಿಡುವ ಹೊತ್ತಿಗೆ ಮನೆಗೆ. ಅಮ್ಮನಿಗೆ ಎರಡು ತಿಂಗಳು ಗೊತ್ತೇ ಇರಲಿಲ್ಲ. ಗೊತ್ತಾದ ಮೇಲೆ ಅಮ್ಮ ಏನೂ ಕೇಳದೆ ಡಬ್ಬಿಗೆ ಒಂದು ರೊಟ್ಟಿ ಕಮ್ಮಿ ಹಾಕಿದಳಂತೆ.

ಭಟ್ಟಿಗೆ ಹೋಗಿದ್ದು ಇಬ್ಬರು. ಅಪ್ಪಾಜಿ ಮತ್ತು ಗಿರಣಿಯಲ್ಲಿ ಪಕ್ಕದ ಮಗ್ಗದಲ್ಲಿದ್ದ ಗೆಳೆಯ. ಗೇಟಿನ ಮುಂದೆ ಇಬ್ಬರೂ ಮಾತಾಡಿಕೊಂಡಿದ್ದರಂತೆ, ಎಲ್ಲಿ ಕೆಲಸ ಸಿಕ್ಕರೂ ಇಬ್ಬರಿಗೂ ಇದ್ದರೆ ಹೋಗೋದು, ಒಬ್ಬನಿಗಿದ್ದರೆ ಬೇಡ. ಎಂಟು ತಿಂಗಳು ಒಂದೇ ಒಲೆ ಮುಂದೆ ನಿಂತರು. ಆಮೇಲೆ ಹಮಾಲಿ, ಸಿಕ್ಕ ಸಿಕ್ಕ ಕೆಲಸ. ಒಂದು ದಿನ ದೂರದ ಸಂಬಂಧಿಕರೊಬ್ಬರು ಹರಿಹರದ ವರ್ಕ್‌ಶಾಪಿನಲ್ಲಿ ಒಬ್ಬ ಹೆಲ್ಪರ್ ಬೇಕಂತೆ ಅಂದರು. ಒಬ್ಬ.

"ಅವನಿಗೆ ಹೇಳ್ದೆ ಹೋದೆ" ಅಂದರು ಅಪ್ಪಾಜಿ.

ಹೊಳೆಯಲ್ಲಿ ಯಾರೋ ಎಮ್ಮೆ ತೊಳೆಯುತ್ತಿದ್ದರು. ನಾನು ಮಂಡಕ್ಕಿ ತಿನ್ನುವುದನ್ನು ಬಿಟ್ಟೆ.

"ಮೂರು ದಿನ ನೋಡಿ ಮನೆಗೆ ಬಂದನಂತೆ, ಹುಷಾರಿಲ್ಲೇನೋ ಅಂತ. ನಿಮ್ಮಜ್ಜಿ, ಹರಿಹರಕ್ಕೆ ಕೆಲಸಕ್ಕೆ ಹೋಗ್ಯಾನಲ್ಲ ಅಂದಳಂತೆ. ಒಳ್ಳೇದಾತು ಬಿಡಮ್ಮ ಅಂತ ಹೇಳಿ ಹೋದನಂತೆ. ಆಮೇಲೆ ಊರೇ ಬಿಟ್ಟ. ಇಚಲಕರಂಜಿ ಕಡೆ ಪವರ್‌ಲೂಮಿಗೆ ಹೋದ ಅಂದರು ಒಬ್ಬರು. ನಾನು ಹುಡುಕಲಿಲ್ಲ. ಹುಡುಕಿ ಏನಂತ ಮಾತಾಡ್ಲಿ?"

ಏನು ಹೇಳಬೇಕೋ ತಿಳಿಯಲಿಲ್ಲ. ನೀವು ಹಂಗೆ ಮಾಡದಿದ್ದರೆ ನಾವು ಇರ್ತಿರಲಿಲ್ಲ ಅನ್ನಬಹುದಿತ್ತು. ಅದು ಅವರಿಗೆ ಗೊತ್ತಿಲ್ಲದ್ದಲ್ಲ. ಎಚ್‌ಆರ್ ಮುಂದೆ ನಾನು ಹೆಮ್ಮೆಯಿಂದ ಒಪ್ಪಿಸಿದ ಕತೆಯಲ್ಲಿ ಆ ಮನುಷ್ಯನಿಗೆ ಒಂದು ಸ್ಲೈಡೂ ಇರಲಿಲ್ಲ. ಜಪಾನಿನ ಸ್ಟುಡಿಯೋದವರನ್ನು ರಾತ್ರಿಯಿಂದ ಬೈದುಕೊಂಡು ಬಂದವನು ನಾನು.

ಅಪ್ಪಾಜಿ ಮೆಟ್ಟಿಲ ಮೇಲೆ ಬಿದ್ದಿದ್ದ ಮಂಡಕ್ಕಿ ಕಾಳುಗಳನ್ನು ಒಂದೊಂದೇ ಹೊಳೆಗೆ ಎಸೆಯುತ್ತಾ, "ಅದಿರ್ಲಿ, ಆ ಸಣ್ಣ ಹುಡುಗ ಇದ್ನಲ್ಲ, ಅಲ್ಲೇ ಬಿಟ್ಟು ಬಂದಿದ್ರಲ್ಲ, ಅವನು ಸಿಕ್ಕಿದ್ನಾ?" ಅಂತ ಕೇಳಿದರು.

ಯಾವ ಹುಡುಗ ಅಂತ ಹೊಳೆಯಲು ನನಗೆ ಎರಡು ಕ್ಷಣ ಬೇಕಾಯಿತು.

"ಫಿಲ್ಲಾ? ನೀವು ನೋಡ್ತಿದ್ರಾ?"

"ನಿಮ್ಮ ತಂಗಿ ಕನ್ನಡದಾಗೆ ಹೇಳ್ತಿದ್ಲಲ್ಲ, ಕೇಳ್ತಿದ್ದೆ. ನಿನ್ನೆ ಕೊನಿಗೆ ಬರೀ ಫೋಟೋ ಬಂದ್ವು. ಅವಳೂ ಹೇಳಲಿಲ್ಲ, ಒದರಾಡಿದಳು. ಆ ಹುಡುಗಿ ಅವನ್ನ ಬಿಟ್ಟು ಮತ್ತೆ ಹಿಂದೆ ಉಳಿದ್ಲಲ್ಲ, ಆಮೇಲೆ ಅವನ ಮುಂದೆ ಹೆಂಗೆ ಬಂದ್ಲು? ಅವನೇನಂದ?"

"ಟಿವಿಯಲ್ಲಿ ಸುಮ್ನೆ ಓಡಿ ಬಂದು ತಬ್ಬಿಕೊಂಡ್ರು, ಮುಗೀತು. ಪುಸ್ತಕದಲ್ಲಿ ಬೇರೆ ಥರ ಐತಿ."

"ಅದನ್ನ ಹೇಳು."

"ಉದ್ದ ಐತಿ ಅಪ್ಪಾಜಿ. ನೂರಾ ನಲವತ್ತು ಅಧ್ಯಾಯದ ಮೇಲೆ."

"ಬುಶ್ ಇನ್ನೂ ಆಗಿಲ್ಲಲ್ಲ."

38ನೇ ಅಧ್ಯಾಯದಿಂದ ಶುರು ಮಾಡಿದೆ. ಕಾಡು, ಕಾಡಿನಲ್ಲಿ ಸಿಗುವ ಇಬ್ಬರು ಒಳ್ಳೆಯ ದೈತ್ಯರು, ನೆಲಮಾಳಿಗೆ. ಯೂಗೋನ ಹತ್ತಿರ ಬಂದಾಗ ಅಪ್ಪಾಜಿ ತಡೆದರು. ಅವನ ಜೊತೆಗಾರರೆಲ್ಲ ಏನಾದ್ರು, ಇವನೊಬ್ಬನೇ ಹೆಂಗೆ ಉಳಿದ, ಅಷ್ಟು ವರ್ಷ ಒಬ್ಬನೇ ಏನು ತಿಂದ? ಅವನು ತನ್ನ ಗೆಳೆಯರನ್ನು ಗೋಲ್ಡಿ ಪಾಂಡ್‌ನಲ್ಲಿ ಕಳೆದುಕೊಂಡಿದ್ದು, ಅದಕ್ಕೇ ಹೊಸ ಮಕ್ಕಳನ್ನು ಕಂಡರೆ ಆಗದಿದ್ದುದು, ಒಬ್ಬ ಗೆಳೆಯ ಮಾತ್ರ ಅಲ್ಲಿ ಇನ್ನೂ ಬದುಕಿದ್ದದ್ದು. ಅದನ್ನು ಹೇಳುವಾಗ ಅಪ್ಪಾಜಿ ಆಚೆ ದಡ ನೋಡುತ್ತಿದ್ದರು.

"ಭೇಟಿ ಆದ್ರಾ ಇಬ್ಬರೂ?"

"ಆದ್ರು."

"ಎಷ್ಟು ವರ್ಷದ ಮೇಲೆ?"

"ಹದಿಮೂರು."

ಅಪ್ಪಾಜಿ ಬೆರಳು ಮಡಚಿ ಏನೋ ಲೆಕ್ಕ ಹಾಕಿದರು. ಏನಂತ ನಾನು ಕೇಳಲಿಲ್ಲ.

ಇದಾಗಿ ಸರಿಯಾಗಿ ಒಂದು ತಿಂಗಳಿಗೆ, ಏಪ್ರಿಲ್ 27ರಿಂದ ಮತ್ತೆ ಲಾಕ್‌ಡೌನ್ ಬಂತು. ಹರಿಹರದ ದಾರಿ ಬಂದ್ ಆಯಿತು. ಉಳಿದ ಅಧ್ಯಾಯಗಳನ್ನು ರಾತ್ರಿ ಊಟವಾದ ಮೇಲೆ ಮಾಳಿಗೆಯ ಮೇಲೆ ಹೇಳಿದೆ, ತಂಗಿಯೂ ಬಂದು ಕೂತಳು. ಎಮ್ಮಾಳ ನೆನಪು ಹೋಗುವ ಕಡೆ ಅವಳಿಗೆ ಅಳು ಬಂತು, ಅಪ್ಪಾಜಿ ಮಾತ್ರ, ಇದು ಸರಿ ಐತಿ ಅಂದರು. ಅದು ಆಮೇಲಿನ ಮಾತು. ಆ ಶನಿವಾರ ಹೊಳೆ ಮೆಟ್ಟಿಲ ಮೇಲೆ ನಾವಿನ್ನೂ ಗೋಲ್ಡಿ ಪಾಂಡ್‌ನಲ್ಲೇ ಇದ್ದಾಗ ವರ್ಕ್‌ಶಾಪಿನ ಶಿಷ್ಯ ಬುಶ್ ರೆಡಿ ಅಂತ ಫೋನ್ ಮಾಡಿದ. ಅದರ ಹಿಂದೆಯೇ ಅಮ್ಮನ ಫೋನ್, ಊಟಕ್ಕೆ ಎಷ್ಟೊತ್ತಿಗೆ ಬರ್ತೀರಿ ಅಂತ.

ನಾನು ಏಳಲು ಹೋದೆ. ಅಪ್ಪಾಜಿ ಕೈಸನ್ನೆ ಮಾಡಿ ಕೂರಿಸಿದರು.

"ಇನ್ನೂ ಹೊತ್ತಾಗ್ತದೆ ಅಂತ ಹೇಳು."